ಅಜ್ಜಯ್ಯ ಮನೆಯಲ್ಲಿರಲಿಲ್ಲ

ಬೆಳಗಿನ ಗಂಜಿಯನ್ನು ಬೆಂಕಿಗೆ ಅರ್ಪಿಸಿ ಆದಮೇಲೆ ಯೌರಿ ಅಜ್ಜಯ್ಯನ ಹೊದಿಕೆ ಸರಿಪಡಿಸಲು ಕೈಹಾಕಿದ. ಒಳಗಿನಿಂದ ಏನೋ ಅವನ ಹೆಬ್ಬೆರಳಿಗೆ ಚುಚ್ಚಿತು. ಬೆರಳು ಚೀಪುತ್ತ ಕೊಂಚ ಹೊತ್ತು ನಿಂತ. ಯಾವುದನ್ನೂ ಎರಡು ಸಲ ನೋಡದೆ ನಂಬುವವನಲ್ಲವಾದ್ದರಿಂದ ಇನ್ನೊಮ್ಮೆ ಕೈಹಾಕಿ ಮೆಲ್ಲಗೆ ಸವರಿ ನೋಡಿದ. ಗೇಣುದ್ದದ ಬೆಳ್ಳಿಯ ಸೂಜಿ. ಮೊನೆ ಚೂಪು, ತಲೆ ಅರ್ಧಚಂದ್ರದಂತೆ ಅಗಲ. ಹೆಂಗಸರು ಶಾಲು ಜಾರದಿರಲೆಂದು ಎದೆಯ ಮೇಲೆ ಚುಚ್ಚಿಕೊಳ್ಳುವಂಥದು.

ಕುಸ್ಕೊ ನಗರದಲ್ಲಿ ಶಾಲಿಗೆ ಸೂಜಿ ಚುಚ್ಚಿಕೊಂಡ ಗಂಡಸನ್ನು ಯೌರಿ ಈತನಕ ಕಂಡಿರಲಿಲ್ಲ. ಅದರಲ್ಲೂ ಆಂಕೊ ಅಜ್ಜಯ್ಯ ಬಡಗಣ ದಂಡಯಾತ್ರೆಯಲ್ಲಿ ಕೋಟೆಗಳನ್ನು ಮುರಿದವನು, ಮಾತಿಗಿಂತ ಮುಂಚೆ ಗದೆ ಎತ್ತುತ್ತಿದ್ದವನು. ಅಂಥವನ ಎದೆಯ ಮೇಲೆ ಈ ಸೂಜಿ ಹೇಗೆ ಬಂತು? ಯಾರಾದರೂ ಹರಕೆಗೆ ಕೊಟ್ಟಿರಬಹುದು. ಯಾರಾದರೂ ತಮಾಷೆಗೆ ಚುಚ್ಚಿರಬಹುದು. ಮೂರನೆಯ ಸಾಧ್ಯತೆಯೊಂದಿತ್ತು, ಅದನ್ನು ಯೋಚಿಸಲು ಅವನಿಗೆ ಮನಸ್ಸಾಗಲಿಲ್ಲ. ಮುಸುಕಿನ ಮೇಲಿಂದಲೇ, ಕಿವಿ ಇರಬೇಕಾದ ಜಾಗವನ್ನು ಎರಡು ಬೆರಳಿನಿಂದ ಒತ್ತಿ ನೋಡಿದ. ಅಜ್ಜಯ್ಯನ ಕಿವಿಯಲ್ಲಿ ಬಟ್ಟಲಗಲದ ಬಂಗಾರದ ಬಿಲ್ಲೆಗಳಿದ್ದವು. ಇಲ್ಲಿ ಬಿಲ್ಲೆ ಇರಲಿಲ್ಲ. ಇದ್ದ ಕಿವಿ ಪುಟ್ಟದಾಗಿ, ಒಪ್ಪವಾಗಿ, ತಲೆಗಂಟಿಕೊಂಡಿತ್ತು.

ಯೌರಿ ಹೊದಿಕೆಯನ್ನು ಮೊದಲಿದ್ದಂತೆ ಎಳೆದು ಮುಚ್ಚಿದ.

ಆಂಕೊ ಅಜ್ಜಯ್ಯ ಸತ್ತು ಮೂರು ತಲೆಮಾರು ಕಳೆದಿತ್ತು. ಸತ್ತ ಎಂದರೆ ಉಸಿರಾಡುವುದನ್ನು ಬಿಟ್ಟಿದ್ದ, ಅಷ್ಟೆ. ಒಣಗಿಸಿ ಬಟ್ಟೆ ಸುತ್ತಿದ ಮೈ ಪೀಠದ ಮೇಲೆ ಕೂತೇ ಇತ್ತು. ಮನೆ, ಮೆಟ್ಟಿಲು ಹೊಲಗಳು, ಲಾಮಾ ಮಂದೆ, ಆಳುಕಾಳು ಯಾವುದನ್ನೂ ಬಿಟ್ಟಿರಲಿಲ್ಲ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲ ಅವನ ಸೊತ್ತಿನಲ್ಲೇ ಉಂಡುಕೊಂಡಿದ್ದರು. ಹೊತ್ತುಹೊತ್ತಿಗೆ ಅವನಿಗೆ ಊಟ, ನೊಣ ಓಡಿಸಲು ಗರಿಯ ಬೀಸಣಿಗೆ. ಹಬ್ಬದ ದಿನ ಪಲ್ಲಕ್ಕಿ, ಚೌಕದಲ್ಲಿ ಇತರ ಹಿರಿಯರ ಸಾಲಿನಲ್ಲಿ ಆಸನ, ಅವರೊಂದಿಗೆ ಮೆಕ್ಕೆಜೋಳದ ಹೆಂಡದ ವಿನಿಮಯ. ಮನೆಯವರಿಗೆ ಏನಾದರೂ ಕೇಳಬೇಕಿದ್ದರೆ ಅಜ್ಜಯ್ಯನನ್ನೇ ಕೇಳುತ್ತಿದ್ದರು. ಅವನು ಯೌರಿಯ ಬಾಯಿಂದ ಉತ್ತರ ಹೇಳುತ್ತಿದ್ದ. ಆ ಕೆಲಸಕ್ಕೆ ಹೆಸರೂ ಅದೇ: ಬಾಯಿ. ಅದು ಯೌರಿಗೆ ತೀರಿಹೋದ ಸೋದರಮಾವನಿಂದ ಬಂದದ್ದು. ಮಾವ ಕಲಿಸಿದ್ದು ಇಷ್ಟೆ: "ಮನಸ್ಸು ಖಾಲಿ ಮಾಡ್ಕೊಂಡು ಕಾಯಿ. ದನಿ ಬಂದ್ರೆ ಮಾತಾಡು. ಬರ್ಲಿಲ್ಲ ಅಂದ್ರೆ ಕೆಮ್ಮು."

ಎಡವಟ್ಟು ಎಲ್ಲಾಯಿತೆಂದು ಈಗ ಹೊಳೆಯಿತು. ಹೋದ ಹಬ್ಬದ ದಿನ ಆಲಿಕಲ್ಲು ಬಿದ್ದಿತ್ತು. ಸಾಲಾಗಿ ಕೂತಿದ್ದ ಹಿರಿಯರನ್ನೆಲ್ಲ ಎತ್ತಿಕೊಂಡು ಜನ ಉಣ್ಣೆಯ ಉಗ್ರಾಣದ ಸೂರಿನಡಿಗೆ ಓಡಿದ್ದರು. ಆ ವರ್ಷ ಅರಮನೆಯಿಂದ ಪ್ರಭು ಎಲ್ಲ ಹಿರಿಯರಿಗೂ ಒಂದೇ ಬಗೆಯ ಬಿಳಿ ಹೊದಿಕೆ ಕಳಿಸಿದ್ದ. ಹಿಂದಿನ ವರ್ಷ ಬೇರೆ ಬೇರೆ ಬಣ್ಣ ಕಳಿಸಿ, ಯಾರದು ಮೇಲು ಯಾರದು ಕೀಳೆಂದು ಜಗಳವಾಗಿತ್ತಲ್ಲ, ಅದಕ್ಕೆ. ಮಂಡಿ ಮಡಚಿ ಕುಳಿತು ಪದರ ಪದರ ಬಟ್ಟೆ ಸುತ್ತಿಸಿಕೊಂಡ ಮೇಲೆ ಹಿರಿಯರೆಲ್ಲ ಒಂದೇ ಗಾತ್ರ. ಅಂದು ಅಜ್ಜಯ್ಯನಿಗೆ ನಾಲ್ಕೂ ಕಡೆಯಿಂದ ಹೆಂಡದ ಬಟ್ಟಲು ಬಂದಿದ್ದವು. ಬಂದ ಬಟ್ಟಲನ್ನು ತಿರಸ್ಕರಿಸುವುದು ರೂಢಿಯಲ್ಲ. ಅಜ್ಜಯ್ಯನ ಪಾಲಿನದನ್ನೆಲ್ಲ ಕುಡಿದವನು ಯೌರಿ. ಮಳೆ ನಿಂತಾಗ ಕೈಗೆ ಸಿಕ್ಕ ಹಿರಿಯನನ್ನು ಪಲ್ಲಕ್ಕಿಗೇರಿಸಿ ಹಾಡುತ್ತ ಮನೆಗೆ ಬಂದಿದ್ದ. ಹಬ್ಬ ಮುಗಿದ ಮೇಲೆ ಹಿರಿಯರು ವಿಶ್ರಮಿಸಬೇಕು, ಮುಂದಿನ ಹಬ್ಬದ ತನಕ ಯಾರೂ ಮುಸುಕು ತೆಗೆಯುವಂತಿಲ್ಲ. ಹೀಗಾಗಿ ಹೆಚ್ಚೂಕಡಿಮೆ ಒಂದು ತಿಂಗಳಿಂದ ಆ ಪೀಠದಲ್ಲಿ ಬೇರೆ ಯಾರೋ ಕುಳಿತಿದ್ದರು.

ಹಿರಿಯನನ್ನು ಕಳೆದುಕೊಂಡ ಬಾಯಿಗೆ ಏನು ಶಿಕ್ಷೆ ಎಂದು ಯಾರಿಗೂ ಗೊತ್ತಿರಲಿಲ್ಲ. ಈವರೆಗೆ ಯಾರೂ ಕಳೆದುಕೊಂಡಿರಲಿಲ್ಲ. ಆದರೆ ಇನ್ನೊಂದು ಮನೆಯ ಬಾಯಿಯೊಬ್ಬ ಹಿಂದೆ ಹಿರಿಯನ ಬಂಗಾರದ ಬಟ್ಟಲನ್ನು ಕೈಜಾರಿ ಬೀಳಿಸಿದ್ದ. ಅವನನ್ನು ಬಾಯಿಯ ಕೆಲಸದಿಂದ ತೆಗೆದು ಬೆಟ್ಟದ ಕೆಳಗಿನ ಬಿಸಿಕಾಡಿಗೆ, ಕೋಕಾ ಎಲೆ ಕೀಳಲು ಕಳಿಸಿದ್ದರು. ಜ್ವರ ಬಂದು ಹಲ್ಲೆಲ್ಲ ಉದುರಿ ತಿರುಗಿ ಬಂದ. ಬಟ್ಟಲಿಗೇ ಅಷ್ಟಾದರೆ, ಬಟ್ಟಲಿನ ಒಡೆಯನಿಗೆ ಎಷ್ಟು? ಮುಂದಿನ ಹಬ್ಬಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಅಂದು ಇಡೀ ಊರಿನ ಮುಂದೆ ಮುಸುಕು ಸರಿಯುತ್ತದೆ. ಅಷ್ಟರೊಳಗೆ ಅಜ್ಜಯ್ಯ ಅವನ ಪೀಠಕ್ಕೆ ಬರಬೇಕು. ಬರದಿದ್ದರೆ ಯೌರಿಗೆ ಬಿಸಿಕಾಡೇ ಗತಿ.

ಹಾಗಾದರೆ ಇಲ್ಲಿರುವುದು ಯಾರು? ಅರ್ಧಚಂದ್ರದ ಸೂಜಿ ಊರಿಗೇ ಗೊತ್ತಿದ್ದದ್ದು. ಹೊಳೆಯಾಚೆ, ಕೆಳಗಿನ ಕುಸ್ಕೊದ ಚಿಂಪು ಅಜ್ಜಮ್ಮನದು. ಮೇಲಿನ ಕುಸ್ಕೊದವರಿಗೂ ಕೆಳಗಿನ ಕುಸ್ಕೊದವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ವರ್ಷಕ್ಕೊಮ್ಮೆ ಚೌಕದಲ್ಲಿ ಎದುರುಬದುರು ನಿಂತು ಬೈದಾಡುವುದನ್ನು ಎರಡೂ ಕಡೆಯವರು ಹಬ್ಬವಾಗಿ ಇಟ್ಟುಕೊಂಡಿದ್ದರು. ಉಳಿದ ದಿನ ಹಬ್ಬವಿಲ್ಲದೆಯೂ ಬೈಯುತ್ತಿದ್ದರು.

ಆದರೆ ಯೌರಿಯನ್ನು ಹೆಚ್ಚು ಕೊರೆದದ್ದು ಇನ್ನೊಂದು ಮಾತು. ಈ ತಿಂಗಳಲ್ಲಿ ಮನೆಯವರು ಕೇಳಿದ್ದಕ್ಕೆಲ್ಲ ಅಜ್ಜಯ್ಯ ಉತ್ತರ ಕೊಟ್ಟಿದ್ದ. ಅದೇ ದನಿ, ಮಾತಿನ ನಡುವೆ ಅದೇ ಗೊಗ್ಗರು ಕೆಮ್ಮು. ಅಜ್ಜಯ್ಯನೇ ಇಲ್ಲದ ಮೇಲೆ ಆ ದನಿ ಯಾರದು? ನಿಜ ಹೇಳಬೇಕೆಂದರೆ, ಮಾತು ಕೊಂಚ ಬದಲಾಗಿತ್ತು. ಹಿಂದೆ ಅಜ್ಜಯ್ಯ ಕಾಲುವೆ ನೀರಿನ ಜಗಳಕ್ಕೆ "ಇಬ್ಬರಿಗೂ ಬಾರಿಸಿ" ಎನ್ನುತ್ತಿದ್ದ. ಈ ಸಲ "ಮಕ್ಕಳು ಹಸಿದಿರೋ ಮನೆಗೆ ಮೊದಲು ಬಿಡಿ" ಎಂದಿದ್ದ. ಬಾಣಂತಿಯರು ಉಂಡರೇ ಎಂದು ವಿಚಾರಿಸಿದ್ದ. ಅಜ್ಜಯ್ಯನಿಗೆ ವಯಸ್ಸಾಯಿತು, ಮೆತ್ತಗಾದ ಎಂದು ಮನೆಮಂದಿ ಸಂತೋಷಪಟ್ಟಿದ್ದರು. ಹಾಗಾದರೆ ಮಾತಾಡಿದ್ದು ಅಜ್ಜಮ್ಮನೋ? ಅಥವಾ ಆ ದಿನಗಳಲ್ಲಿ ಯೌರಿಯ ಹಳೆಯ ಹಲ್ಲುನೋವು ಕಡಿಮೆಯಾಗಿ ಅವನೇ ಮೆತ್ತಗಾಗಿದ್ದನಲ್ಲ, ಅದರ ಫಲವೋ? ಎರಡೂ ಒಟ್ಟೊಟ್ಟಿಗೆ ಆಗಿಹೋಗಿದ್ದರಿಂದ ಯಾವುದರಿಂದ ಯಾವುದೆಂದು ಬಿಡಿಸಿ ಹೇಳುವ ದಾರಿ ಇರಲಿಲ್ಲ.

ಅವನು ಮನೆಯಲ್ಲಿ ಸಾಕಿದ, ದಪ್ಪ ಇಲಿಯಂಥ ಕೂಯಿಯೊಂದನ್ನು ಹುರಿದು ಎಲೆಯಲ್ಲಿ ಸುತ್ತಿಕೊಂಡು ಸೇತುವೆ ದಾಟಿದ.

ಚಿಂಪು ಅಜ್ಜಮ್ಮನ ಬಾಯಿಯ ಹೆಸರು ತೋಕ್ತೊ. ನಲವತ್ತು ದಾಟಿದ ವಿಧವೆ. ಅಂಗಳದ ಬಿಸಿಲಲ್ಲಿ ಕೂತು ಕದಿರು ತಿರುಗಿಸುತ್ತ ನೂಲು ತೆಗೆಯುತ್ತಿದ್ದಳು.

"ಮೇಲ್ಮನೆಯೋರು ನಮ್ಮ ಅಂಗಳಕ್ಕೆ!" ಎಂದಳು ತಲೆಯೆತ್ತದೆ. "ಸೂರ್ಯಪ್ಪ ಇವತ್ತು ಯಾವ ಕಡೆಯಿಂದ ಬಂದ ಯೌರಣ್ಣ?"

"ಹೀಗೇ ಬಂದೆ ಅಕ್ಕ. ಅಜ್ಜಮ್ಮ ಹೇಗಿದಾಳೆ ಅಂತ ಕೇಳ್ಕೊಂಡು ಹೋಗೋಣ ಅಂತ."

"ಸತ್ತೋಳು ಹೇಗಿರ್ತಾಳೆ? ಇದ್ದ ಹಾಗೇ ಇದಾಳೆ." ಕದಿರು ಒಂದು ಗಳಿಗೆ ನಿಂತು ಮತ್ತೆ ತಿರುಗಿತು. "ನಿಮ್ಮ ಅಜ್ಜಯ್ಯ?"

"ಚೆನ್ನಾಗಿದಾನೆ. ಈಚೀಚೆಗೆ ಸ್ವಲ್ಪ ಮೆತ್ತಗಾಗಿದಾನೆ."

"ಓಹೋ."

"ಬಾಣಂತಿಯರನ್ನ ವಿಚಾರಿಸ್ಕೊಳ್ತಾನೆ."

"ನಮ್ಮೋಳು ಸ್ವಲ್ಪ ಗಡುಸಾಗಿದಾಳೆ," ಎಂದಳು ತೋಕ್ತೊ. "ಮೊನ್ನೆ ಪಕ್ಕದೋರ ಲಾಮಾ ನಮ್ಮ ಆಲೂಗಡ್ಡೆ ಹೊಲಕ್ಕೆ ನುಗ್ಗಿತ್ತು. ಏನ್ಮಾಡೋಣ ಅಜ್ಜಮ್ಮ ಅಂತ ಕೇಳಿದ್ರೆ, ಸುತ್ತುಗಟ್ಟಿ, ನೀರು ನಿಲ್ಲಿಸಿ, ಶರಣಾದೋರನ್ನ ಮಾತ್ರ ಬಿಡಿ ಅಂದ್ಳು. ಒಂದು ಲಾಮಾಗೆ!"

ಅಂಗಳದಲ್ಲಿ ಕೂಯಿಗಳು ಹುಲ್ಲಿಗಾಗಿ ಕಿಚಿಕಿಚಿ ಎನ್ನುತ್ತಿದ್ದವು. ಯೌರಿ ಕೈಯಲ್ಲಿದ್ದ ಹುರಿದ ಕೂಯಿಯ ಪೊಟ್ಟಣವನ್ನು, ಅವು ನೋಡದಂತೆ, ಹಿಂದಕ್ಕೆ ಸರಿಸಿಕೊಂಡ.

"ಅಕ್ಕ," ಎಂದ ಕೊನೆಗೆ, "ಅಜ್ಜಮ್ಮನ ಕಿವಿ ಹೇಗಿದೆ?"

"ಅಜ್ಜಯ್ಯನ ಎದೆ ಮೇಲೆ ಏನಾದ್ರೂ ಚುಚ್ಚಿತಾ?" ಎಂದಳು ತೋಕ್ತೊ.

ಯೌರಿ ಹೆಬ್ಬೆರಳು ತೋರಿಸಿದ. ತೋಕ್ತೊ ಕದಿರನ್ನು ಕೆಳಗಿಟ್ಟು, ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಆಲಿಕಲ್ಲು ಬಿದ್ದ ಮಾರನೇ ದಿನಾನೇ. ಮುಸುಕು ಸರಿ ಮಾಡೋಣ ಅಂತ ಹೋದೆ, ಅಜ್ಜಮ್ಮನ ಕಿವಿ ಬಿಲ್ಲೆ ಭಾರಕ್ಕೆ ಜೋತು ಹೆಗಲ ಮೇಲೆ ಕೂತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿ ನಾನ್ಯಾಕೆ ಬಿಸಿಕಾಡಿಗೆ ಹೋಗ್ಲಿ? ನೀನೇ ಕಂಡ್ಹಿಡಿದು ಬರ್ತೀಯ ಅಂತ ಕಾದೆ. ಮಾರನೇ ದಿನಾನೇ ಬರ್ತೀಯ ಅಂದ್ಕೊಂಡಿದ್ದೆ. ಮೇಲ್ಮನೆಯೋರ ಬುದ್ಧಿ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದು ನನ್ನದೇ ತಪ್ಪು."

ಯೌರಿ ಅದನ್ನು ನುಂಗಿಕೊಂಡ. ಅವನಿಗೆ ಕೇಳಬೇಕಾದದ್ದು ಬೇರೆಯೇ ಇತ್ತು. "ಇಷ್ಟು ದಿನ ನನ್ನ ಕಿವೀಲಿ ಮಾತಾಡಿದ್ದು ಯಾರು ಅಕ್ಕ? ಕೆಮ್ಮು ಅಜ್ಜಯ್ಯನದೇ. ಆದ್ರೆ ಮಾತು ನೋಡಿದ್ರೆ ಅಜ್ಜಮ್ಮಂದು."

"ಅದರಲ್ಲೇನು ಸೋಜಿಗ? ಎಲ್ಲ ಮನೇಲೂ ಕೆಮ್ಮು ಗಂಡಸಿಂದು, ಮಾತು ಹೆಂಗಸಿಂದು."

"ತಮಾಷೆ ಅಲ್ಲ. ನಿಮಗೆ ನಿಜವಾಗ್ಲೂ ದನಿ ಕೇಳ್ಸತ್ತಾ?"

ತೋಕ್ತೊ ಅವನನ್ನು ಮೊದಲ ಬಾರಿಗೆ ನೆಟ್ಟಗೆ ನೋಡಿದಳು. "ಕೇಳ್ಸತ್ತಾ ಅಂದ್ರೆ? ಬಾಯಿ ಮುಚ್ಚೋದೇ ಇಲ್ಲ. ಅಡುಗೆ ಮಾಡುವಾಗ, ತಲೆ ಬಾಚ್ಕೊಳ್ಳುವಾಗ, ಮಲಗಿದಾಗ. ಬದುಕಿದ್ದ ಅತ್ತೆ ಇಷ್ಟು ಕಾಡಿರಲಿಲ್ಲ. ಯಾಕೆ, ನಿನಗೆ ಕಾಯ್ಬೇಕಾ?"

ಯೌರಿ ಕೂಯಿಯ ಪೊಟ್ಟಣ ಬಿಚ್ಚಿದ. ತಿನ್ನುತ್ತ ಇಬ್ಬರೂ ಉಪಾಯ ಹೂಡಿದರು.

ಹಿರಿಯರು ಹಿರಿಯರ ಮನೆಗೆ ಹೋಗಿಬರುವುದು ಊರಿಗೆ ಹೊಸದಲ್ಲ. ಅಜ್ಜಯ್ಯ ಅಜ್ಜಮ್ಮನನ್ನು ಕಾಣಲು ಹೋಗಲಿ. ಹಿರಿಯರ ಮಾತು ಗುಟ್ಟಿನದೆಂದು ಕಂಬಳಿ ಗೂಡಾರ ಕಟ್ಟಿಸೋಣ. ಒಳಗೆ ಇಬ್ಬರು ಬಾಯಿಗಳ ಹೊರತು ಯಾರಿಗೂ ಬಿಡುವುದು ಬೇಡ. ಒಳಗೆ ಅದಲುಬದಲು ಮಾಡಿ ಹೊರಗೆ ಬರೋಣ. ಎಲ್ಲ ಸುಲಭವಾಗಿ ಕಂಡಿತು, ಯೌರಿ ಮನೆಗೆ ಹೋಗಿ ಪೌಕರ್ ಮಾವನಿಗೆ ಹೇಳುವ ತನಕ.

ಪೌಕರ್ ಮಾವ ಮೇಲ್ಮನೆಯ ಯಜಮಾನ. ಅವನ ಕಿವಿಯ ಬಿಲ್ಲೆಗಳು ಎಷ್ಟು ದೊಡ್ಡವೆಂದರೆ ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾಗುತ್ತಿತ್ತು.

"ಅಜ್ಜಯ್ಯಂಗೆ ಕೆಳಮನೆ ಚಿಂಪು ಅಜ್ಜಮ್ಮನ್ನ ಕಾಣ್ಬೇಕಂತೆ ಮಾವ," ಎಂದ ಯೌರಿ.

"ಕಾಣ್ಲಿ. ಅವಳೇ ಬರ್ಲಿ."

"ಅಜ್ಜಯ್ಯ ತಾನೇ ಹೋಗ್ತೀನಿ ಅಂತಾನೆ."

"ಏನೋ ಯೌರಿ, ಯಾವ ಅಜ್ಜಯ್ಯನ ಮಾತು ಹೇಳ್ತಿದೀಯ ನೀನು?" ಎಂದ ಪೌಕರ್. ಯೌರಿ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಪೌಕರ್ ಹೇಳಿದ್ದು ಹೆಮ್ಮೆಯಿಂದ. "ಆಂಕೊ ಅಜ್ಜಯ್ಯ ಬದುಕಿದ್ದಾಗ ಯಾರ ಮನೆಗೂ ಸುಮ್ನೆ ಹೋದೋನಲ್ಲ. ಅವನು ಕಾಲಿಟ್ಟ ಅಂದ್ರೆ ಆ ಮನೆ ನಮ್ಮದಾಯ್ತು ಅಂತ ಲೆಕ್ಕ."

ಈ ಮಾತು ಹೊಳೆ ದಾಟಿ ಹೋಯಿತು. ಕೆಳಮನೆಯ ಯಜಮಾನ ಕಾರ್ವಾ ಅಲ್ಲಿಂದಲೇ ಉತ್ತರ ಕಳಿಸಿದ: ಕೆಳಗಿನ ಕುಸ್ಕೊ ಅಂದರೆ ಇಳಿಜಾರಿನಲ್ಲಿದೆ ಎಂದು ಅರ್ಥ, ಕೀಳು ಎಂದಲ್ಲ, ಮಾನವಂತ ಹೆಂಗಸು ಕರೆಯದೆ ಗಂಡಸಿನ ಮನೆಗೆ ಹೋಗುವುದಿಲ್ಲ, ಕರೆದರಂತೂ ಹೋಗುವುದೇ ಇಲ್ಲ. ಪೌಕರ್ ಅದಕ್ಕೊಂದು ಉತ್ತರ ಕಳಿಸಿದ. ಹಬ್ಬ ಹತ್ತಿರವಾಗುತ್ತಿತ್ತು. ಯೌರಿ ಊಟ ಬಿಟ್ಟ. ಹಿಮದಲ್ಲಿ ಒಣಗಿಸಿದ ಆಲೂಗಡ್ಡೆಯಂತೆ ಅವನ ಮುಖ ಸುಕ್ಕುಗಟ್ಟಿತು.

ಕೊನೆಗೆ ತೋಕ್ತೊ ಒಂದು ಮಾತು ಹೇಳಿ ಕಳಿಸಿದಳು: ಹೊಳೆಯ ಮೇಲಿನ ಸೇತುವೆಯ ನಟ್ಟನಡುವೆ ಯಾರದೂ ಅಲ್ಲ, ಅಲ್ಲಿಗೆ ಇಬ್ಬರೂ ಬರಲಿ. ಒಪ್ಪಿಗೆಯಾಯಿತು. ಆಮೇಲೆ ನಡು ಯಾವುದೆಂಬ ಪ್ರಶ್ನೆ ಎದ್ದಿತು. ಕಾರ್ವಾ ಹಗ್ಗ ಹಿಡಿದು ಅಳೆಸಿ, ಮೇಲ್ಮನೆಯವರು ಗುರುತು ಮಾಡಿದ ನಡು ಕೆಳಮನೆಯ ಕಡೆಗೆ ಒಂದು ಚಪ್ಪಡಿಯಷ್ಟು ಸರಿದಿದೆಯೆಂದು ಕೂಗಾಡಿದ. ಪೌಕರ್ ಬೇರೆ ಹಗ್ಗ ತರಿಸಿದ. ಹಸಿ ಹಗ್ಗ ಹಿಗ್ಗುತ್ತದೆ, ಒಣಹಗ್ಗ ಕುಗ್ಗುತ್ತದೆ, ಒಂದೇ ಹಗ್ಗದಲ್ಲಿ ಎರಡು ಕಡೆಯಿಂದಲೂ ಅಳೆದರೆ ಆ ದೋಷ ಲೆಕ್ಕಕ್ಕೆ ಬರುವುದಿಲ್ಲ ಎಂದು ಯೌರಿ ವಿನಯದಿಂದ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಂತೂ ಇಬ್ಬರ ಹಗ್ಗಗಳ ನಡುವೆ ಗೂಡಾರ ಎದ್ದಿತು.

ಆ ದಿನ ಬಿಸಿಲು ಚೆನ್ನಾಗಿತ್ತು. ಮೇಲಿನ ಕುಸ್ಕೊ ಒಂದು ದಡದಲ್ಲಿ, ಕೆಳಗಿನ ಕುಸ್ಕೊ ಇನ್ನೊಂದು ದಡದಲ್ಲಿ ನೆರೆದಿತ್ತು. ಶಂಖ ಊದಿದರು. ಎರಡೂ ಪಲ್ಲಕ್ಕಿಗಳು ಸೇತುವೆಗೆ ಬಂದು ಗೂಡಾರದ ಬಾಗಿಲಲ್ಲಿ ಎದುರುಬದುರು ಇಳಿದವು. ಒಂದರ ಬಳಿ ಯೌರಿ, ಇನ್ನೊಂದರ ಬಳಿ ತೋಕ್ತೊ. ಇನ್ನು ಎತ್ತಿ ಒಳಗಿಡುವುದೊಂದೇ ಬಾಕಿ.

"ತಡಿ," ಎಂದ ಪೌಕರ್ ಮಾವ.

"ಏನು ಮಾವ?"

"ಇಷ್ಟು ಜನ ಸೇರಿದಾರೆ. ಅಜ್ಜಯ್ಯನ ಎದೆ ಮೇಲಿನ ಬಂಗಾರದ ಪದಕ ಕಾಣ್ಲಿ ಈ ಕೆಳಗಿನೋರಿಗೆ. ಅವರ ಜನ್ಮದಲ್ಲಿ ಅಂಥದ್ದು ನೋಡಿರ್ತಾರಾ?"

"ಮುಸುಕು ತೆಗೀಬಾರ್ದು ಮಾವ, ಹಬ್ಬದ ತನಕ ..."

"ಮುಸುಕು ಯಾರು ತೆಗೀತಾರೋ? ಹೊದಿಕೆ ಸರಿಸ್ತೀನಿ, ಅಷ್ಟೆ." ಯೌರಿ ಅಡ್ಡ ಬರುವ ಮೊದಲೇ ಪೌಕರ್ ಹೊದಿಕೆಯ ಅಂಚು ಹಿಡಿದು ಜಗ್ಗಿದ. ಏನೋ ಸಿಕ್ಕಿಕೊಂಡಂತಾಯಿತು. ಇನ್ನೂ ಜೋರಾಗಿ ಜಗ್ಗಿದ.

ಠಣ್ಣೆಂದು ಬೆಳ್ಳಿಯ ಸೂಜಿ ಕಲ್ಲಿನ ಮೇಲೆ ಬಿದ್ದು ಉರುಳಿತು.

ಪೌಕರ್ ಬಗ್ಗಿ ಸೂಜಿ ಎತ್ತಿಕೊಂಡು, ತಿರುಗಿಸಿ ನೋಡಿದ. ಆಚೆಯಿಂದ ಕಾರ್ವಾ ಕತ್ತು ಚಾಚಿದ. "ಅದು ನಮ್ಮ ಅಜ್ಜಮ್ಮನ ಸೂಜಿ!"

"ಯೌರಿ," ಎಂದ ಪೌಕರ್ ತಗ್ಗಿದ ದನಿಯಲ್ಲಿ. "ಏನೋ ಇದು?"

ಯೌರಿ ಮನಸ್ಸು ಖಾಲಿ ಮಾಡಿಕೊಂಡ. ಅದಕ್ಕೆ ಹೆಚ್ಚು ಶ್ರಮ ಬೇಕಾಗಲಿಲ್ಲ. ದನಿಗಾಗಿ ಕಾದ. ಬರಲಿಲ್ಲ. ಕೆಮ್ಮಿದ.

"ಅಜ್ಜಯ್ಯ ಏನಂತಾನೆ?" ಎಂದು ದಡದಿಂದ ಯಾರೋ ಕೂಗಿದರು.

ಮತ್ತೆ ಕಾದ. ಹೊಳೆ ಹರಿಯುವ ಸದ್ದು, ದೂರದಲ್ಲೊಂದು ಲಾಮಾ ಸೀನಿದ್ದು, ಅಷ್ಟೇ ಕೇಳಿಸಿತು. ಬಿಸಿಕಾಡಿನ ಸೊಳ್ಳೆಗಳ ಗುಂಯ್‌ಗುಡುವಿಕೆಯೂ ಕಿವಿಯಲ್ಲಿ ಸುಳಿದಂತಾಯಿತು. ಇನ್ನು ಕೆಮ್ಮಿದರೆ ಜನ ವೈದ್ಯನನ್ನು ಕರೆಸುತ್ತಾರೆ. ಯೌರಿ ತನ್ನ ಪಲ್ಲಕ್ಕಿಯನ್ನು ಬಿಟ್ಟು ನಾಲ್ಕು ಹೆಜ್ಜೆ ನಡೆದು, ತೋಕ್ತೊಳ ಪಕ್ಕದ, ಅಜ್ಜಯ್ಯ ನಿಜಕ್ಕೂ ಕೂತಿದ್ದ ಪಲ್ಲಕ್ಕಿಯ ಬಳಿ ನಿಂತ. ಬಾಯಿಯಾದ ಮೇಲೆ ಮೊದಲ ಸಲ, ಯಾರೂ ಹೇಳಿಕೊಡದೆ, ಬಾಯಿ ತೆರೆದ.

"ಆಲಿಕಲ್ಲು ಬಿದ್ದ ದಿನ," ಎಂದ ಅಜ್ಜಯ್ಯನ ಗೊಗ್ಗರು ದನಿಯಲ್ಲಿ, "ಚಿಂಪೂನ ನೋಡ್ಕೊಂಡು ಬರೋಣ ಅನ್ನಿಸ್ತು. ಹೋದೆ. ಅವಳು ಮನೇಲಿರಲಿಲ್ಲ."

ತೋಕ್ತೊ ಒಂದೇ ಒಂದು ಗಳಿಗೆ ಅವನ ಮುಖ ನೋಡಿದಳು. ಶಾಲು ಸರಿಮಾಡಿಕೊಂಡು, ಅವನನ್ನು ದಾಟಿ ಹೋಗಿ, ಅವನು ಬಿಟ್ಟುಬಂದ ಪಲ್ಲಕ್ಕಿಯ ಬಳಿ ನಿಂತಳು. ಅವಳ ಬಾಯಿಂದ ಚಿಂಪು ಅಜ್ಜಮ್ಮನ ಕೀರಲು ದನಿ ಹೊರಟಿತು.

"ಹೇಗಿರ್ತೀನಿ ಮನೇಲಿ? ನಾನೂ ಅವತ್ತೇ ಆಂಕೋನ ಮಾತಾಡಿಸೋಣ ಅಂತ ಹೊರಟಿದ್ದೆ. ಹೋಗಿ ನೋಡಿದ್ರೆ ಅವನೂ ಇಲ್ಲ. ಬಂದ ಮನೇಲಿ ಹೇಳದೆ ಕೇಳದೆ ಎದ್ದು ಹೋಗೋಕಾಗತ್ತಾ? ಬರ್ತಾನೆ ಅಂತ ಕೂತೆ."

"ನಾನೂ ಬರ್ತಾಳೆ ಅಂತ ಕೂತೆ," ಎಂದ ಯೌರಿ.

"ಕೂತೇ ಇದ್ದೆ. ಆ ಮನೇಲಿ ಗಂಜಿಗೆ ಉಪ್ಪು ಹಾಕೋ ಪದ್ಧತಿನೇ ಇಲ್ಲ."

"ಈ ಮನೇಲಿ ಮಾತು ನಿಲ್ಲಿಸೋ ಪದ್ಧತಿನೇ ಇಲ್ಲ!"

ಇದು ಉಪಾಯದಲ್ಲಿ ಇರಲಿಲ್ಲ. ಮೊದಲು ದಡದ ಹೆಂಗಸರು ನಕ್ಕರು. ಆಮೇಲೆ ಗಂಡಸರು. ಒಬ್ಬರನ್ನೊಬ್ಬರು ನೋಡಲು ಹೋಗಿ, ಒಬ್ಬರ ಮನೆಯಲ್ಲೊಬ್ಬರು ತಿಂಗಳಿಡೀ ಮರ್ಯಾದೆಯಿಂದ ಕಾದು ಕೂತ ಇಬ್ಬರು ಹಿರಿಯರ ಕಥೆ ಕ್ಷಣದಲ್ಲಿ ಹಿಂದಿನ ಸಾಲುಗಳಿಗೆ ಹಬ್ಬಿತು. ಅದು ಸುಳ್ಳಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಅಷ್ಟೊಂದು ಸಭ್ಯವಾದ ಕಥೆ ಸುಳ್ಳಾಗಿರಲು ಹೇಗೆ ಸಾಧ್ಯ?

ನಗದವರು ಇಬ್ಬರೇ. ಕಾರ್ವಾ ಮುಖ ಕೆಂಪಗೆ ಮಾಡಿಕೊಂಡು ಸೇತುವೆಗೆ ನುಗ್ಗಿದ. "ಗಂಡನಿಲ್ಲದ ಹೆಂಗಸನ್ನ ತಿಂಗಳಿಡೀ ಮನೇಲಿಟ್ಕೊಂಡಿದೀರ! ನಮ್ಮ ಮಾನ ಏನಾಗ್ಬೇಕು?"

"ನಾವೇನು ಕರೆದ್ವಾ? ನಿಮ್ಮೋಳೇ ಬಂದು ಕೂತಿದ್ದು!" ಎಂದ ಪೌಕರ್. "ನಮ್ಮ ಅಜ್ಜಯ್ಯನ್ನ ನೀವು ಒಳಗೆ ಹಾಕ್ಕೊಂಡಿದ್ದಕ್ಕೆ ಏನಂತೀಯ?"

"ಒಳಗೆ ಹಾಕ್ಕೊಂಡ್ವಂತೆ! ನೀವು ಕಾಲಿಟ್ಟ ಮನೆ ನಿಮ್ಮದಾಗತ್ತೆ ಅಂತ ಹೇಳಿಕಳಿಸಿದ್ದು ಯಾರು?"

ಎರಡೂ ಕಡೆ ದೊಣ್ಣೆಗಳು ಮೇಲೆದ್ದವು. ಅಷ್ಟರಲ್ಲಿ ಹಿಂದಿನಿಂದ ಯಾರೋ, ಅರಮನೆಗೆ ಸುದ್ದಿ ಮುಟ್ಟಿತಂತೆ, ವಿಚಾರಣೆಗೆ ಅಧಿಕಾರಿ ಹೊರಟನಂತೆ ಎಂದು ಕೂಗಿದರು. ದೊಣ್ಣೆಗಳು ಗಾಳಿಯಲ್ಲೇ ನಿಂತವು. ಯಜಮಾನರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಹಿರಿಯ ತಮ್ಮ ಮನೆಯಲ್ಲಿಲ್ಲ ಎಂಬುದು ತಿಂಗಳಾದರೂ ಗೊತ್ತಾಗದ ಮನೆಯವರಿಗೆ ಹಿರಿಯನ ಹೊಲಗಳೇಕೆ ಎಂದು ಪ್ರಭು ಕೇಳಿದರೆ ಇಬ್ಬರ ಬಳಿಯೂ ಉತ್ತರವಿರಲಿಲ್ಲ.

ಕಾರ್ವಾ ದೊಣ್ಣೆ ಇಳಿಸಿದ. ಗಂಟಲು ಸರಿಮಾಡಿಕೊಂಡ. "ಪೌಕರ್, ಹೆಣ್ಣಿನ ಮನೇಲಿ ತಿಂಗಳು ಉಂಡು ಮಲಗಿದ ಗಂಡಿಗೆ ನಮ್ಮಲ್ಲಿ ಏನಂತಾರೆ?"

ಪೌಕರ್ ಯೋಚಿಸಿದ. ಕುಸ್ಕೊ ಸೀಮೆಯಲ್ಲಿ ಗಂಡುಹೆಣ್ಣು ಮದುವೆಗೆ ಮುಂಚೆ ಕೆಲಕಾಲ ಕೂಡಿ ಬಾಳಿ, ಹೊಂದಿಕೆಯಾಗುತ್ತದೋ ಎಂದು ನೋಡುವುದು ಎಲ್ಲರಿಗೂ ಗೊತ್ತಿದ್ದ ರೂಢಿ. "ಅಳಿಯ ಅಂತಾರೆ," ಎಂದ.

"ಗಂಡಿನ ಮನೇಲಿ ಕೂತ ಹೆಣ್ಣಿಗೆ?"

"ಸೊಸೆ."

"ಆಯ್ತಲ್ಲ ಮತ್ತೆ, ಬೀಗರೇ!" ಎಂದು ಕಾರ್ವಾ ಅವನನ್ನು ತಬ್ಬಿಕೊಂಡ. ಇಬ್ಬರ ಕಿವಿಯ ಬಿಲ್ಲೆಗಳು ಸಿಕ್ಕಿಹಾಕಿಕೊಂಡು, ಬಿಡಿಸಲು ನಾಲ್ಕು ಜನ ಬೇಕಾದರು. ಅಧಿಕಾರಿ ಬಂದಾಗ ಹಾಗೇ ತಬ್ಬಿಕೊಂಡಿದ್ದರು. ಅವನು ಕಂಡದ್ದನ್ನೇ ಅರಮನೆಗೆ ವರದಿ ಮಾಡಿದ. ಎರಡು ಕುಸ್ಕೊಗಳ ನಡುವೆ ಇಂಥ ಸಂಬಂಧ ಬೆಳೆದದ್ದಕ್ಕೆ ಪ್ರಭು ಮೆಚ್ಚಿ ಜೋಡಿ ಬಂಗಾರದ ಬಟ್ಟಲು ಕಳಿಸಿದ.

ಅಜ್ಜಯ್ಯ ತನ್ನ ಪೀಠಕ್ಕೆ ಬಂದ. ಯೌರಿ ಬಾಯಿಯಾಗಿಯೇ ಉಳಿದ. ಬಿಸಿಕಾಡು ದೂರ ಸರಿಯಿತು. ಆದರೆ ಸೇತುವೆಯ ಮೇಲಿನ ಆ ಮಾತುಗಳು ತನ್ನವೇ ಎಂಬುದು ಅವನಿಗೆ ಗೊತ್ತಿತ್ತು. ಹಾಗಾದರೆ ಉಳಿದ ವರ್ಷಗಳ ಮಾತು? ಪೀಠದ ಮುಂದೆ ಕೂತು ಗಂಟೆಗಟ್ಟಲೆ ಕಾದ. ಅಜ್ಜಯ್ಯ ತುಟಿಪಿಟಕ್ಕೆನ್ನಲಿಲ್ಲ.

ಹಬ್ಬ ಬಂತು. ಚೌಕದ ಸಾಲಿನಲ್ಲಿ ಅಜ್ಜಯ್ಯನನ್ನೂ ಅಜ್ಜಮ್ಮನನ್ನೂ ಈ ಸಲ ಅಕ್ಕಪಕ್ಕದಲ್ಲಿ ಕೂರಿಸಿ ಮುಸುಕು ತೆಗೆದರು. ಜನ ಜಯಕಾರ ಮಾಡಿದರು. ಜೋಡಿ ಬಟ್ಟಲಿನಲ್ಲಿ ಹೆಂಡ ತುಂಬಿತು. ಬೀಗರಿಬ್ಬರೂ ಮುಂದೆ ಬಂದರು. ಗಂಡಹೆಂಡತಿ ಒಟ್ಟಿಗಿರಬೇಕಾದ್ದು ನ್ಯಾಯ. ಮಳೆಗಾಲ ಕೆಳಮನೆಯಲ್ಲಿ, ಬೇಸಿಗೆ ಮೇಲ್ಮನೆಯಲ್ಲಿ ಎಂದು ಯಜಮಾನರು ಗೊತ್ತುಮಾಡಿದ್ದರು. ಅಜ್ಜಮ್ಮ ಒಪ್ಪಿದಳೆಂದು ತೋಕ್ತೊ ಆಗಲೇ ಹೇಳಿದ್ದಳು.

"ಅಜ್ಜಯ್ಯ ಒಪ್ತಾನಾ?" ಎಂದ ಕಾರ್ವಾ.

ಇಡೀ ಚೌಕ ಯೌರಿಯ ಕಡೆ ತಿರುಗಿತು. ಯೌರಿ ಮನಸ್ಸು ಖಾಲಿ ಮಾಡಿಕೊಂಡು, ಏನೂ ಬರಲಾರದೆಂದು ಕೆಮ್ಮಲು ಸಿದ್ಧನಾದ.

"ಆಗಲ್ಲ!" ಎಂದಿತು ದನಿ.

ಅವನು ಬೆಚ್ಚಿಬಿದ್ದ. ಇಷ್ಟು ಗಟ್ಟಿಯಾಗಿ, ಇಷ್ಟು ಹತ್ತಿರದಿಂದ ಅದು ಎಂದೂ ಕೇಳಿಸಿರಲಿಲ್ಲ.

"ಸತ್ತರೂ ಮಳೆಗಾಲದಲ್ಲಿ ಆ ಮನೆಗೆ ಹೋಗಲ್ಲ ಅಂತ ಹೇಳು. ಕೂತ ಜಾಗದ ಎಡಗಡೆ ಸೂರು ಸೋರತ್ತೆ. ತಿಂಗಳು ಪೂರ್ತಿ ನನ್ನ ಎಡಹೆಗಲು ಒದ್ದೆ."

ಯೌರಿ ತೋಕ್ತೊಳ ಕಡೆ ಬಾಗಿ, ತುಟಿ ಅಲ್ಲಾಡಿಸದೆ ಕೇಳಿದ. "ಅಕ್ಕ, ನಿಮ್ಮ ಅಜ್ಜಮ್ಮನ ಕೋಣೆ ಸೂರು ಸೋರತ್ತಾ?"

"ಎಡಗಡೆ ಮೂಲೇಲಿ," ಎಂದಳು ತೋಕ್ತೊ. ಅವಳ ಹುಬ್ಬು ಮೇಲೇರಿತು. "ಆ ಕೋಣೆಗೆ ನನ್ನ ಬಿಟ್ರೆ ಯಾರೂ ಹೋಗಲ್ಲ. ನಿನಗೆ ಯಾರು ಹೇಳಿದ್ರು?"

ಯೌರಿಯ ವರ್ಷಗಳ ಅನುಮಾನ ಒಂದು ಹನಿ ನೀರಿನಲ್ಲಿ ತೊಳೆದುಹೋಯಿತು. ತಾನು ಕಲ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದ ಸಂಗತಿ ಅದು. ಅಜ್ಜಯ್ಯ ಮಾತಾಡುತ್ತಾನೆ. ಇಷ್ಟು ಕಾಲವೂ ಮಾತಾಡಿದ್ದ. ತಾನು ಸುಳ್ಳು ಬಾಯಿಯಲ್ಲ.

"ಏನಂತಾನೆ?" ಎಂದ ಪೌಕರ್, ಕೊಂಚ ಅವಸರದಲ್ಲಿ. ಅವನ ಪಕ್ಕದಲ್ಲಿ ಕಾರ್ವಾ, ಕಾರ್ವಾನ ಹಿಂದೆ ಅರಮನೆಯ ಅಧಿಕಾರಿ, ಅಧಿಕಾರಿಯ ಹಿಂದೆ ಎರಡು ಕುಸ್ಕೊಗಳು, ಮೊದಲ ಸಲ ಒಂದೇ ಬದಿಯಲ್ಲಿ ಒತ್ತಿಕೊಂಡು ನಿಂತಿದ್ದವು. ಎಲ್ಲರ ಕೈಯಲ್ಲೂ ತುಂಬಿದ ಬಟ್ಟಲುಗಳು, ಉತ್ತರಕ್ಕೆ ಕಾಯುತ್ತ ಅರ್ಧಕ್ಕೆ ಎದ್ದು ನಿಂತಿದ್ದವು.

"ಆಗಲ್ಲ ಅನ್ನೋ!" ಎಂದ ಅಜ್ಜಯ್ಯ.

"ಅಜ್ಜಯ್ಯ," ಎಂದ ಯೌರಿ ಗಟ್ಟಿಯಾಗಿ, "ಸಂತೋಷವಾಗಿ ಒಪ್ಪಿದಾನೆ."

ಚೌಕ ಹೋ ಎಂದು ಕೂಗಿತು. ಬಟ್ಟಲುಗಳು ಮೇಲೆದ್ದವು. ಅಜ್ಜಯ್ಯ ಬಡಗಣ ದಂಡಯಾತ್ರೆಯ ದಂಡಿನವರ ಬೈಗುಳಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಬೈಯತೊಡಗಿದ. ಯೌರಿ ಅವನ ಪಾಲಿನ ಹೆಂಡವನ್ನು ನಿಧಾನವಾಗಿ ಕುಡಿಯುತ್ತ, ಒಂದು ಮಾತೂ ಬಿಡದೆ, ಭಕ್ತಿಯಿಂದ ಕೇಳಿಸಿಕೊಂಡ.